ಹಗೇವು ಮತ್ತು ಮನೆಯ ಸ್ವಾವಲಂಬನೆ

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿದ್ದಾಳೆ. ಮನೆಗೆ ಬೇಕಾದುದನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂಬ ಹಂಬಲ ಆಕೆಗೆ ಕೆಲವು ವರ್ಷಗಳಿಂದ ಹತ್ತಿದೆ. ತಾರಸಿಯ ಮೇಲೆ ಕುಂಡಗಳಲ್ಲಿ ಬದನೆ, ಮೆಂತ್ಯ, ರಾಜಗಿರಿ ಬೆಳೆಯುತ್ತಾಳೆ. ಅಂಟುವಾಳ ನೆನೆಹಾಕಿ ಪಾತ್ರೆ ತೊಳೆಯುತ್ತಾಳೆ. ಸಾಬೂನು ಮಾಡುವುದನ್ನು ಕಲಿಯಲು ಹಣ ತೆತ್ತು ಭಾನುವಾರದ ತರಗತಿಗೂ ಹೋಗಿ ಬಂದಿದ್ದಾಳೆ. ಹಿಂದಿನ ದೀಪಾವಳಿಗೆ ತೆಲಿಗಿಗೆ ಬಂದಿದ್ದಾಗ, "ಮಾವಾ, ನಿಮ್ಮ ಕಾಲದಾಗ ಪ್ಯಾಟಿಯಿಂದ ಏನೂ ತರ್ತಿರಲಿಲ್ಲಂತ. ಅವ್ವ ಹೇಳ್ತಾಳ. ಅದನ್ನೆಲ್ಲ ಒಂದು ಪಟ್ಟಿ ಮಾಡಿ ಬರೆದುಕೊಡ್ರಿ" ಎಂದಳು. ಮೇಷ್ಟರಾಗಿದ್ದವನಿಗೆ ಪಟ್ಟಿ ಮಾಡುವುದೇನೂ ಕಷ್ಟವಲ್ಲ. ಉತ್ಸಾಹದಿಂದಲೇ ಕುಳಿತೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕೈ ತಡೆಯಿತು. ಏಕೆ ತಡೆಯಿತೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲ ಪುಟದಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಬಾಲ್ಯದಲ್ಲಿ, ಎಂದರೆ 1960ರ ಸುಮಾರಿನಲ್ಲಿ, ನಮ್ಮ ಮನೆಯ ಹೆಂಗಸರು ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆಗಳನ್ನು ವರ್ಷಕ್ಕಾಗುವಷ್ಟು ಮಾಡಿಡುತ್ತಿದ್ದರು. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ಹಳೆಯ ಸೀರೆಗಳು ಕೌದಿಯಾಗುತ್ತಿದ್ದವು, ಸಗಣಿ ಕುಳ್ಳಾಗುತ್ತಿತ್ತು. ಹೊಲದ ಅಂಚಿನಲ್ಲಿ ಪುಂಡಿ ಬಿತ್ತುವುದು ರೂಢಿ. ಎಳೆಯದಿದ್ದಾಗ ಅದರ ಸೊಪ್ಪು ಪಲ್ಯಕ್ಕೆ. ಬಲಿತ ಮೇಲೆ ಗಿಡಗಳನ್ನು ಕಟ್ಟು ಕಟ್ಟಿ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಕಟ್ಟೆಯ ಮೇಲೆ ಕುಳಿತ ಮುದುಕರು ಮಾತನಾಡುತ್ತಲೇ ಹಗ್ಗ ಹೊಸೆಯುತ್ತಿದ್ದರು. ನನ್ನ ಅಜ್ಜ ಕೈಗೆ ಕೆಲಸವಿಲ್ಲದೆ ಕುಳಿತದ್ದನ್ನು ನಾನು ನೋಡಿಲ್ಲ. ಹಗ್ಗ ಇಲ್ಲದಿದ್ದರೆ ತಕಲಿ. ಬಳ್ಳಾರಿ ಜಿಲ್ಲೆಯ ಆ ತಲೆಮಾರಿನ ಅನೇಕರಿಗೆ ಗಾಂಧೀಜಿ ಬಿಟ್ಟುಹೋದ ಅಭ್ಯಾಸವದು.

ಬೀಜದ ಕೆಲಸ ಮಾತ್ರ ಸಂಪೂರ್ಣವಾಗಿ ಅಜ್ಜಿಯದು. ಜೋಳದ ಬೆಳೆ ಕಟಾವಿಗೆ ಬರುವ ಮುನ್ನ ಆಕೆ ಹೊಲಕ್ಕೆ ಹೋಗಿ, ತುಂಬಿದ ತೆನೆಗಳನ್ನು ತಾನೇ ಆರಿಸಿ ತಂದು, ಅಡುಗೆಮನೆಯ ಹೊಗೆ ತಾಗುವ ಜಂತಿಗೆ ನೇತುಹಾಕುತ್ತಿದ್ದಳು. ತೊಗರಿ, ಹೆಸರು, ಅಲಸಂದೆಯ ಬೀಜಗಳನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಹೀರೆ, ಸವತೆಗಳ ಬೀಜಕ್ಕೆ ಒಣಗಿದ ಸೋರೆ ಬುರುಡೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಯಾವ ಗಡಿಗೆಯಲ್ಲಿ ಯಾವ ವರ್ಷದ ಬೀಜವಿದೆಯೆಂಬುದು ತಪ್ಪುತ್ತಿರಲಿಲ್ಲ.

ಇಷ್ಟನ್ನು ಬರೆದ ಮೇಲೆ, ಮನೆಯಲ್ಲಿ ಮಾಡದೆ ಇದ್ದುದೇನು ಎಂದು ಯೋಚಿಸಿದೆ. ನೇಗಿಲು ಬಡಿಗನದು, ಕುಳ ಕಮ್ಮಾರನದು, ಗಡಿಗೆ ಕುಂಬಾರನದು, ಮಿಣಿ ಬಾರುಕೋಲು ಚಪ್ಪಲಿಗಳು ಚರ್ಮದ ಕೆಲಸದವರದು, ಹೊದೆಯುವ ಕಂಬಳಿ ಕುರುಬರದು. ಬೀಜ ಕಾಯುತ್ತಿದ್ದ ಅಜ್ಜಿಯ ಗಡಿಗೆಯೂ ನಮ್ಮದಲ್ಲ! ಇವರಾರಿಗೂ ನಾವು ದಿನದ ಹಣ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಅವರವರ ಪಾಲಿನ ಕಾಳು ಒಯ್ಯುತ್ತಿದ್ದರು. ಅದಕ್ಕೆ ಆಯವೆಂದೂ ಅವರಿಗೆ ಆಯಗಾರರೆಂದೂ ಹೆಸರು. 1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆ ಕಂಪನಿ ಸರಕಾರದ ಕೈಗೆ ಬಂದಾಗ ಇಲ್ಲಿಗೆ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದನು. ಹನ್ನೆರಡು ಆಯಗಾರರನ್ನುಳ್ಳ ಇಲ್ಲಿನ ಹಳ್ಳಿಯನ್ನು ಪುಟ್ಟ ಗಣರಾಜ್ಯಕ್ಕೆ ಹೋಲಿಸಿ ಆತ ಸರಕಾರಕ್ಕೆ ಬರೆದನು. ಆ ಹೋಲಿಕೆಯನ್ನು ನಮ್ಮವರು ಬಹಳ ಮೆಚ್ಚಿಕೊಂಡಿದ್ದಾರೆ. ಗಣರಾಜ್ಯದಲ್ಲಿ ಕಣದ ಒಳಗೆ ನಿಲ್ಲುವವರು ಯಾರು, ಹೊರಗೆ ಕಾದು ನಿಲ್ಲುವವರು ಯಾರು ಎಂಬುದನ್ನು ಮನ್ರೋ ಸಾಹೇಬನು ಅಷ್ಟಾಗಿ ಗಮನಿಸಿದಂತಿಲ್ಲ. ಅದು ಬೇರೆ ಮಾತು. ಸದ್ಯಕ್ಕೆ ಹೇಳಬೇಕಾದುದಿಷ್ಟೆ: ಸ್ವಾವಲಂಬಿಯಾಗಿದ್ದುದು ಮನೆಯಲ್ಲ, ಊರು. ಊರೂ ಪೂರ್ತಿಯಾಗಿ ಅಲ್ಲ. ಉಪ್ಪನ್ನೇ ತೆಗೆದುಕೊಳ್ಳಿ. ನಮ್ಮ ಸೀಮೆಯಲ್ಲಿ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸರಕಾರವು ತನ್ನ ಉಪ್ಪಿನ ವರಮಾನ ಕಾಯ್ದುಕೊಳ್ಳಲು ಅದನ್ನು ನಿಲ್ಲಿಸಿತು. ಒಂದು ಕಸಬು ಅಪರಾಧವಾಯಿತು, ಕಸಬಿನವರು ಕಲ್ಲು ಮಣ್ಣಿನ ಕೂಲಿಗಿಳಿದರು.

ಹಾಗಾದರೆ ನಮ್ಮ ಮನೆಗೆ ಧೈರ್ಯವಾಗಿದ್ದುದು ಯಾವುದು? ಶಾವಿಗೆಯೂ ಅಲ್ಲ, ಪುಂಡಿನಾರೂ ಅಲ್ಲ. ಮನೆಯ ಮುಂದೆ ನೆಲದಡಿಯಲ್ಲಿದ್ದ ಹಗೇವು.

ಇಂದಿನ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ; ತರಗತಿಯಲ್ಲಿ ಕೇಳಿ ನೋಡಿದ್ದೇನೆ. ಕಿಟೆಲರ 1894ರ ನಿಘಂಟಿನಲ್ಲಿ ಪದವಿದೆ, ಅರ್ಥವೂ ಇದೆ: ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಮೈ ಕುಗ್ಗಿಸಿ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಗುಡಾಣದ ಹಾಗೆ. ನಮ್ಮದು ಎರಡಾಳು ಆಳವಿತ್ತು. ನೀರು ನಿಲ್ಲದ, ಗಟ್ಟಿ ಗೊರಚು ಮಣ್ಣಿರುವ ಜಾಗ ನೋಡಿ ತೋಡಬೇಕು. ಕಾಳು ತುಂಬುವ ಮೊದಲು ಒಳಗೆ ಕಸಕಡ್ಡಿ ಹಾಕಿ ಬೆಂಕಿಯಿಟ್ಟು ಪಸೆಯನ್ನೆಲ್ಲ ಆರಿಸುತ್ತಿದ್ದರು. ತಳಕ್ಕೂ ಸುತ್ತಲ ಗೋಡೆಗೂ ಒಣಗಿದ ಜೋಳದ ಸೊಪ್ಪೆ ಮತ್ತು ಹುಲ್ಲನ್ನು ಒತ್ತಾಗಿ ಕೊಟ್ಟು, ನಡುವೆ ಕಾಳು ಸುರಿದು, ಒಬ್ಬನು ಒಳಗೆ ನಿಂತು ತುಳಿಯುತ್ತ ಬರುತ್ತಿದ್ದನು. ಮೇಲೆ ಮತ್ತೆ ಹುಲ್ಲು, ಹೊಟ್ಟು, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಸುತ್ತ ಕೆಸರು. ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಅದರ ಮೇಲೆ ನಾವು ಗೋಲಿ ಆಡುತ್ತಿದ್ದೆವು.

ಹೀಗೆ ಮುಚ್ಚಿದ ಜೋಳ ಮೂರು ನಾಲ್ಕು ವರ್ಷ ಹುಳು ಬೀಳದೆ ಇರುತ್ತಿತ್ತು. ಕಾರಣ ಸರಳವಾದುದು. ಗಾಳಿಯಾಡದ ಕುಣಿಯಲ್ಲಿ ಕಾಳೂ ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡು ತುಂಬಿಕೊಂಡಾಗ ಹುಳು ಸಾಯುತ್ತದೆ. 1980ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಕ್ಯಾಮರೂನಿನಲ್ಲಿ ಅಲಸಂದೆ ಕಾಯಲು ಮೂರು ಪದರದ ಗಾಳಿಯಾಡದ ಚೀಲವನ್ನು ರೂಪಿಸಿದರು. ಅದರ ತತ್ತ್ವವೂ ಇದೇ. ಹುಳುವನ್ನು ಕೊಲ್ಲುವ ಗಾಳಿಯೇ ಮನುಷ್ಯನನ್ನೂ ಕೊಲ್ಲಬಲ್ಲದು. ಆದುದರಿಂದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಂದು ರಾತ್ರಿ ತೆರೆದಿಟ್ಟು, ಬೆಳಗ್ಗೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. "ದೀಪ ಆರಿತು ಅಂದ್ರ ಯಾರೂ ಇಳಿಬ್ಯಾಡ್ರಪಾ" ಎಂದು ಅಜ್ಜ ಪ್ರತಿ ಸಾರಿಯೂ ಹೇಳುವನು, ಎಲ್ಲರಿಗೂ ಗೊತ್ತಿದ್ದರೂ.

ಇನ್ನೊಂದು ಸಂಗತಿಯನ್ನು ಮನೆಯಲ್ಲಿ ಧಾನ್ಯ ಕೂಡಿಡಲು ಹೊರಟವರು ತಿಳಿದಿರಬೇಕು. ಹಗೇವಿನ ಜೋಳ ಬಿತ್ತನೆಗೆ ಬಾರದು. ಅದರ ಮೊಳಕೆಯ ಶಕ್ತಿ ಹೋಗಿರುತ್ತದೆ. ಗೋಡೆಗೆ ತಾಗಿದ ಕಾಳು ಮುಗ್ಗಲು ಹಿಡಿಯುತ್ತದೆ, ನಡುವಿನದಕ್ಕೂ ಒಂದು ಬಗೆಯ ಹುಳಿವಾಸನೆ ಇರುತ್ತದೆ. ಆ ವಾಸನೆಯ ರೊಟ್ಟಿಯನ್ನು ಹಳಬರು ಇಷ್ಟಪಟ್ಟು ತಿನ್ನುತ್ತಿದ್ದರು, ನಾವು ಮೂಗು ಮುರಿಯುತ್ತಿದ್ದೆವು. ಉಣ್ಣುವ ಕಾಳು ಅಜ್ಜನ ಸುಪರ್ದಿಗೆ, ನೆಲದ ಕೆಳಗೆ. ಬಿತ್ತುವ ಕಾಳು ಅಜ್ಜಿಯ ಸುಪರ್ದಿಗೆ, ಜಂತಿಯ ಮೇಲೆ. ಬರ ಬಂದಾಗ ಮೊದಲನೆಯದು ತೀರಿದರೂ ಎರಡನೆಯದನ್ನು ಮುಟ್ಟುವಂತಿರಲಿಲ್ಲ.

ನೆಲದೊಳಗೇ ಏಕೆ? ಹುಲ್ಲಿನ ಸೂರಿಗೆ ಬೆಂಕಿಯ ಭಯ ಒಂದು, ದಂಡಿನ ಭಯ ಇನ್ನೊಂದು. ಹರಪನಹಳ್ಳಿ ಪಾಳೆಯಗಾರರ ಸೀಮೆ; ಮರಾಠರು, ಹೈದರ್, ಟಿಪ್ಪು, ನಿಜಾಮ ಎಲ್ಲರ ಕುದುರೆಗಳೂ ಇಲ್ಲಿ ಮೇದಿವೆ. ಕಂಪನಿಯ ಆಳಿಕೆ ಬಂದ ಮೇಲೂ, 1816ರಲ್ಲಿ, ಪೆಂಢಾರಿಗಳು ಈ ಜಿಲ್ಲೆಗಳವರೆಗೆ ನುಗ್ಗಿದ್ದರು. ನೆಲದ ಮೇಲೆ ಕಾಣುವ ಕಾಳು ಯಾರದೂ ಆಗಬಹುದಿತ್ತು.

ಈಗ 1876ಕ್ಕೆ ಬರುತ್ತೇನೆ. ನಮ್ಮ ಕಡೆಯ ಹಳಬರು ಅದನ್ನು ಧಾತು ಈಶ್ವರದ ಬರವೆನ್ನುತ್ತಿದ್ದರು. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರಕ್ಕೂ ಮುಂದುವರಿದುದರಿಂದ. ಅಜ್ಜನ ತಾಯಿ ಆಗ ಎಂಟೊಂಬತ್ತು ವರ್ಷದ ಹುಡುಗಿ. ಪಾಪಸುಕಳ್ಳಿಯ ಹಣ್ಣು ತಿಂದುದನ್ನೂ, ಹುಣಿಸೆ ಬೀಜ ಹುರಿದು ಬೀಸಿ ಕುಡಿದುದನ್ನೂ ಆಕೆ ಅಜ್ಜನಿಗೆ ಹೇಳಿದ್ದಳಂತೆ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿಯೇ ಅತಿ ಹೆಚ್ಚು ಹೊಡೆತ ತಿಂದ ಜಿಲ್ಲೆಗಳಲ್ಲೊಂದು. 1871ರ ಜನಗಣತಿಯಲ್ಲಿ ಒಂಬತ್ತು ಲಕ್ಷಕ್ಕೆ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು ಐದನೆಯ ಒಂದು ಪಾಲು ಕುಸಿದಿತ್ತು. ನೆರೆಯ ಮೈಸೂರು ಸಂಸ್ಥಾನದಲ್ಲಿ ಅದೇ ಹತ್ತು ವರ್ಷಗಳಲ್ಲಿ ಐವತ್ತು ಲಕ್ಷ ಇದ್ದುದು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ರೈಲು ಬಳ್ಳಾರಿ ಪಟ್ಟಣದವರೆಗೆ ಬಂದಿತ್ತು, ಧಾನ್ಯವನ್ನೂ ತಂದಿತು. ಅಲ್ಲಿಂದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಗೆ ಒಯ್ಯಲು ಎತ್ತುಗಳು ಬೇಕಲ್ಲವೆ? ಮೇವಿಲ್ಲದೆ ಎತ್ತುಗಳೇ ಮೊದಲು ಸತ್ತಿದ್ದವು. ಪರಿಹಾರದ ಖರ್ಚು ಕಡಿಮೆ ಮಾಡಲೆಂದು ವೈಸರಾಯ್ ಲಿಟನ್ ಕಳುಹಿಸಿದ ರಿಚರ್ಡ್ ಟೆಂಪಲ್, 1877ರ ಜನವರಿಯಲ್ಲಿ, ಕೆಲಸ ಮಾಡುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಿದನು. ಈಗಿನ ಲೆಕ್ಕದಲ್ಲಿ ಅರ್ಧ ಕಿಲೋಗೂ ಕಡಿಮೆ ಕಾಳು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದು ದುಡಿಯುವ ದೇಹಕ್ಕೆ ಸಾಲದೆಂದು ಪಟ್ಟುಹಿಡಿದು ವಾದಿಸಿದನು. ಕೆಲವು ತಿಂಗಳ ಬಳಿಕ ಕೂಲಿ ಹೆಚ್ಚಿಸಿದರು.

ಇದನ್ನೇಕೆ ಇಲ್ಲಿ ಹೇಳುತ್ತಿದ್ದೇನೆಂದರೆ, ಆ ಬರದಲ್ಲಿ ಮೊದಲು ಬಿದ್ದವರು ಕೈಯಲ್ಲಿ ಕಸುಬಿಲ್ಲದವರಲ್ಲ. ನೇಕಾರನ ಕೈಗೆ ಮಗ್ಗದ ವಿದ್ಯೆ ಇತ್ತು, ಕಾಳು ಇರಲಿಲ್ಲ. ಹೊಟ್ಟೆಗಿಲ್ಲದ ವರ್ಷದಲ್ಲಿ ಸೀರೆ ಕೊಳ್ಳುವವರು ಯಾರು? ಸರಕಾರವೇ ನೂಲು ಕೊಟ್ಟು ಬಟ್ಟೆ ನೇಯಿಸಿ ಕೊಂಡು ಅವರನ್ನು ಉಳಿಸಬೇಕಾಯಿತು. ಕುಂಬಾರ, ಕಮ್ಮಾರ, ಚರ್ಮದ ಕೆಲಸದವರ ಪಾಡೂ ಅಷ್ಟೆ. ಕಣದಲ್ಲಿ ರಾಶಿಯೇ ಇಲ್ಲದ ಮೇಲೆ ಆಯವೆಲ್ಲಿಯದು? ನಮ್ಮ ತಂಗಿಯ ಮಗಳು ಕಲಿಯುತ್ತಿರುವಂಥ ವಿದ್ಯೆಗಳೆಲ್ಲ ಅಂದು ಹಳ್ಳಿಹಳ್ಳಿಯಲ್ಲಿ ಇದ್ದವು, ಇವತ್ತಿಗಿಂತ ನೂರುಪಾಲು ಚೆನ್ನಾಗಿಯೇ ಇದ್ದವು. ಬದುಕಿದವರು ಹೆಚ್ಚಾಗಿ ಹಗೇವಿದ್ದವರು, ಮತ್ತು ಹಗೇವಿದ್ದವರ ಬಾಗಿಲಿಗೆ ಹೋಗಬಲ್ಲವರು. ಹಗೇವುಗಳಲ್ಲಿಯೂ ಮೊದಲಿನಷ್ಟು ಕಾಳು ಇತ್ತೆಂದು ನನಗೆ ನಂಬಿಕೆಯಿಲ್ಲ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ಎರೆಹೊಲಗಳ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ಹತ್ತಿಯನ್ನು ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲವಷ್ಟೆ.

ಅಜ್ಜನ ಹಗೇವು ತೆರೆದುದನ್ನು ನಾನು ಕಂಡದ್ದು 1966ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ದೇಶಕ್ಕೆಲ್ಲ ಬರ. ಅಮೆರಿಕದ ಗೋದಿ, ಕೆಂಪು ಜೋಳಗಳ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ಕಂದೀಲು ಆರಲಿಲ್ಲ. ಇಬ್ಬರು ಆಳುಗಳು ಇಳಿದು ಪುಟ್ಟಿಗಳಲ್ಲಿ ಜೋಳ ತುಂಬಿ ಮೇಲಕ್ಕೆ ಕೊಟ್ಟರು. ಹುಳಿವಾಸನೆ ಓಣಿಯ ಕೊನೆಯವರೆಗೂ ಹರಡಿತು. ಯಾರ ಮನೆಯ ಹಗೇವು ತೆರೆಯಿತೆಂದು ಬೇರೆ ಡಂಗುರ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಕೆಳಗೆ ಜನ ಬಂದು ಕುಳಿತರು. ಆಯಗಾರರು, ಕೂಲಿಯವರು, ನಮ್ಮ ಹೊಲದಲ್ಲಿ ದುಡಿಯುವವರು.

ನನಗಾಗ ಹನ್ನೆರಡು ವರ್ಷ. ಅಕ್ಷರ ದುಂಡಗಿತ್ತೆಂದು ಅಜ್ಜ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ ಕೈಗೆ ಕೊಟ್ಟನು. ಅಳೆಯುವುದು ಅಪ್ಪ, ಹೇಳುವುದು ಅಜ್ಜ, ಬರೆಯುವುದು ನಾನು. ಹೆಸರು, ಸೇರಿನ ಲೆಕ್ಕ, ಅದರ ಮುಂದೆ ಸುಗ್ಗಿಯಲ್ಲಿ ತಿರುಗಿ ಕೊಡಬೇಕಾದದ್ದು. ಒಂದಕ್ಕೆ ಒಂದೂಕಾಲು. ಒಂದೂವರೆ ಹಾಕುವ ಮನೆಗಳೂ ಇದ್ದವು; ನಮ್ಮ ಅಜ್ಜ ಧರ್ಮವಂತನೆಂದು ಜನ ಹೇಳುತ್ತಿದ್ದರು, ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಒಬ್ಬ ಮುದುಕಿ ಉಡಿಯೊಡ್ಡಿ ಇಪ್ಪತ್ತು ಸೇರು ಒಯ್ದಳು. ಇಪ್ಪತ್ತರ ಮುಂದೆ ಇಪ್ಪತ್ತೈದು ಎಂದು ಬರೆದೆ. ಲೆಕ್ಕ ಸರಿಯಾಗಿದೆಯೆಂದು ಅಜ್ಜ ಬೆನ್ನು ತಟ್ಟಿದನು. ಆಕೆ ಹೆಬ್ಬೆರಳೊತ್ತಿದಳು.

ಆ ವರ್ಷದ ಸುಗ್ಗಿಯೂ ಕೈಗೆ ಹತ್ತಲಿಲ್ಲ. ಇಪ್ಪತ್ತೈದು ಬೆಳೆಯಿತು. 1975ರಲ್ಲಿ ನಾನು ಮೇಷ್ಟರಾಗಿ ಕೆಲಸಕ್ಕೆ ಸೇರಿದಾಗ, ಶಾಲೆಗೆ ಬಾರದ ಮಕ್ಕಳ ಪಟ್ಟಿ ಮಾಡುವುದು ನನ್ನ ಮೊದಲ ಕೆಲಸಗಳಲ್ಲೊಂದಾಗಿತ್ತು. ಪಟ್ಟಿಯಲ್ಲಿ ನಮ್ಮ ಮನೆಯ ದನ ಕಾಯುತ್ತಿದ್ದ ಹುಡುಗನೂ ಇದ್ದನು. ಏಕೆ ಕಳುಹಿಸುತ್ತಿಲ್ಲವೆಂದು ಅವನ ತಂದೆಯನ್ನು ಕೇಳಿದೆ. "ನಿಮ್ಮ ಬುಕ್ಕಿನಾಗ ನಮ್ಮವ್ವನ ಹೆಸರೈತಲ್ಲ ಬುದ್ದಿ" ಎಂದನು. ಆ ಹೆಸರು ನನ್ನ ಅಕ್ಷರದಲ್ಲಿತ್ತು.

ಮನೆಯಲ್ಲಿ ಅಪ್ಪನೊಡನೆ ಮಾತಿಗೆ ಮಾತು ಬೆಳೆಯಿತು. "ಆ ಜ್ವಾಳ ಇಲ್ಲದಿದ್ರ ಅವರು ಇರ್ತಿದ್ರೇನು?" ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ, ಇಂದೂ ಪೂರ್ತಿಯಾಗಿ ಇಲ್ಲ. ಆ ಕಾಳು ಅವರನ್ನು ಉಳಿಸಿದ್ದು ನಿಜ. ಕೊನೆಗೆ ನಮ್ಮ ವಾದವನ್ನು ತೀರಿಸಿದ್ದು ಕಾನೂನು. ದೇವರಾಜ ಅರಸರ ಸರಕಾರ 1976ರಲ್ಲಿ ತಂದ ಋಣ ಪರಿಹಾರ ಕಾಯಿದೆಯಿಂದ ಭೂಹೀನರ, ಸಣ್ಣ ರೈತರ ಇಂಥ ಸಾಲಗಳು ರದ್ದಾದವು. ಜೀತ ಪದ್ಧತಿಯನ್ನು ನಿಷೇಧಿಸುವ ಕೇಂದ್ರದ ಕಾಯಿದೆಯೂ ಅದೇ ವರ್ಷದ್ದು. ಹುಡುಗ ಶಾಲೆಗೆ ಬಂದನು, ತಡವಾಗಿ, ತನಗಿಂತ ಚಿಕ್ಕವರ ನಡುವೆ ಕುಳಿತು.

ಶಾಲೆಯ ಮಾತು ಬಂದುದರಿಂದ ಇನ್ನೊಂದು ಹಳೆಯ ಸಂಗತಿ. ಮನೆಯ ಕಸುಬನ್ನು ಮಕ್ಕಳಿಗೆ ಕಲಿಸಬೇಕೆಂದು ಹೇಳುವವರು ಇಂದು ಬಹಳ. 1953ರ ಜೂನಿನಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಇದನ್ನೇ ಯೋಜನೆಯಾಗಿ ತಂದರು: ಅರ್ಧ ದಿನ ಪಾಠ, ಉಳಿದ ಹೊತ್ತು ತಂದೆತಾಯಿಯರ ಕಸುಬು. ಹರಪನಹಳ್ಳಿ ಆಗ ಇನ್ನೂ ಮದ್ರಾಸಿಗೇ ಸೇರಿತ್ತು; ಮೈಸೂರಿಗೆ ಬಂದುದು ಆ ವರ್ಷದ ಅಕ್ಟೋಬರ್ 1ರಂದು. ಕುಂಬಾರನ ಮಗನಿಗೆ ತಿಗರಿ, ಅಗಸನ ಮಗನಿಗೆ ಬಟ್ಟೆಯ ಗಂಟು, ಕರಣಿಕನ ಮಗನಿಗೆ ಲೆಕ್ಕದ ಪುಸ್ತಕವೇ ಎಂದು ವಿರೋಧಿಗಳು ಕೇಳಿದರು. ಗದ್ದಲ ಬೆಳೆದು ರಾಜಾಜಿ ಅಧಿಕಾರ ಬಿಟ್ಟರು. ಕಾಮರಾಜರ ಸರಕಾರ 1954ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ನಾನು ಶಾಲೆಗೆ ಸೇರುವಷ್ಟರಲ್ಲಿ ಎಲ್ಲರಿಗೂ ಒಂದೇ ತಕಲಿ. ನೂಲು ಪದೇಪದೇ ಹರಿಯುತ್ತಿತ್ತು, ಮೇಷ್ಟರು ಕಿವಿ ಹಿಂಡುತ್ತಿದ್ದರು. ಆದರೂ ಜಾತಿ ಕೇಳದ ಕಸುಬೆಂದರೆ ನಮ್ಮ ಶಾಲೆಯಲ್ಲಿ ಅದೊಂದೇ ಇತ್ತು.

ಹಗೇವುಗಳು ಮುಚ್ಚಿಹೋದುದು ಕಾನೂನಿನಿಂದಲ್ಲ. 1964ರಲ್ಲಿ ಸಿ.ಎಸ್.ಹೆಚ್-1 ಎಂಬ ಹೈಬ್ರಿಡ್ ಜೋಳ ಬಿಡುಗಡೆಯಾಯಿತು. ಇಳುವರಿ ಹೆಚ್ಚು, ಬೇಗ ಬರುತ್ತದೆ. ಬೇಗ ಬರುವುದರಿಂದಲೇ ಮಳೆಗೆ ಸಿಕ್ಕಿ ತೆನೆಗೆ ಬೂಸಲು ಹಿಡಿಯುತ್ತದೆ. ಅಂಥ ಕಾಳು ಹಗೇವಿಗೆ ಆಗುವುದಿಲ್ಲ. ಬೀಜವನ್ನು ವರ್ಷವರ್ಷವೂ ಹೊಸದಾಗಿ ಕೊಳ್ಳಬೇಕಾದುದರಿಂದ ಅಜ್ಜಿಯ ಜಂತಿಗೂ ಕೆಲಸ ತಪ್ಪಿತು. 1965ರಲ್ಲಿ ಭಾರತ ಆಹಾರ ನಿಗಮ ಬಂತು, ನ್ಯಾಯಬೆಲೆ ಅಂಗಡಿಗಳು ಬಂದವು. ಬರವೆಂದರೆ ಸಾವು ಎಂಬ ಭಯ ಹೋಯಿತು, ಇದನ್ನು ಕಡೆಗಣಿಸಿ ಹಳೆಯದನ್ನು ಹೊಗಳುವುದು ನನ್ನಿಂದಾಗದು. ಮುಂದೆ ದಾವಣಗೆರೆಯ ಮಾರುಕಟ್ಟೆಯ ಸೆಳೆತಕ್ಕೆ ಮೆಕ್ಕೆಜೋಳ ಬಂದು ನಮ್ಮ ಹೊಲಗಳನ್ನೆಲ್ಲ ತುಂಬಿತು. ಅದರ ಬಹುಪಾಲು ಕೋಳಿಗಳ ಮೇವಿಗೆ ಹೋಗುತ್ತದೆ. ಮೂಟೆಗಟ್ಟಲೆ ಕಾಳು ಬೆಳೆಯುವ ನಮ್ಮೂರ ರೈತನು ತನ್ನ ರೊಟ್ಟಿಯ ಜೋಳವನ್ನು ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅನ್ನ ಉಣ್ಣುವ ಹೊತ್ತೂ ಹೆಚ್ಚಾಯಿತು.

ಪಟ್ಟಿಯನ್ನು ಕೊನೆಗೂ ಮುಗಿಸಿ ಕಳುಹಿಸಿದೆ. ಶಾವಿಗೆ, ಹರಳೆಣ್ಣೆ, ಬೂದಿಯಲ್ಲಿ ಬೀಜ ಕಾಯುವ ಬಗೆ, ಎಲ್ಲವೂ ಇದೆ. ಕೊನೆಯ ಪುಟದಲ್ಲಿ, ಆರು ತಿಂಗಳ ಕಾಳು ಕೂಡಿಟ್ಟುಕೊ, ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ಕೂಡಿಸಿಕೊಂಡು ಇಡು, ಲೆಕ್ಕವನ್ನು ಎಲ್ಲರೂ ಓದಬಲ್ಲವರಾಗಿರಲಿ ಎಂದು ಬರೆದಿದ್ದೇನೆ. ಆಕೆ ಫೋನು ಮಾಡಿ, ಪುಂಡಿ ಬೀಜ ಸಿಗುತ್ತದೆಯೇ ಎಂದು ಕೇಳಿದಳು. ನಮ್ಮ ಮನೆಯಲ್ಲಿರಲಿಲ್ಲ. ಓಣಿಯಲ್ಲಿ ನಾಲ್ಕು ಮನೆ ವಿಚಾರಿಸಿದ ಮೇಲೆ ಒಬ್ಬ ಅಜ್ಜಿಯ ಬಳಿ ಒಂದು ಹಿಡಿ ಸಿಕ್ಕಿತು. ಒಂದು ಕಾಲಕ್ಕೆ ನಮ್ಮ ಮನೆಯ ದನ ಕಾಯ್ದ ಆ ಹುಡುಗನ ಅತ್ತೆ ಆಕೆ. ದುಡ್ಡು ಬೇಡವೆಂದಳು. "ಬೆಳದ ಮ್ಯಾಲೆ ಒಂದು ಹಿಡಿ ತಿರುಗಿ ಕೊಡ್ರಿ" ಎಂದಳು.

ನಮ್ಮ ಹಗೇವು ಓಣಿಗೆ ಕಾಂಕ್ರೀಟು ಹಾಕುವಾಗ ಮಣ್ಣು ತುಂಬಿಸಿಕೊಂಡು ಮುಚ್ಚಿಹೋಯಿತು. ಅದರ ಚಪ್ಪಡಿ ಹಿತ್ತಲಲ್ಲಿದೆ, ಬಟ್ಟೆ ಒಗೆಯಲು.